ಜಗಳ ಮೊಟ್ಟೆಯದು, ಮಾಯವಾಗುವುದು ತರಕಾರಿ: ಬಿಸಿಯೂಟದ ಲೆಕ್ಕ ಬಿಡಿಸಿದಾಗ

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುತ್ತಿದ್ದಂತೆ ಬಿಸಿಯೂಟದ ಸುದ್ದಿಗಳೂ ಶುರುವಾಗುತ್ತವೆ. ಒಂದು ಪತ್ರಿಕೆಯಲ್ಲಿ ಮಗುವೊಂದಕ್ಕೆ ದಿನಕ್ಕೆ ₹6.78 ಎಂದಿರುತ್ತದೆ. ಇನ್ನೊಂದರಲ್ಲಿ ಮೊಟ್ಟೆಯೊಂದಕ್ಕೇ ₹6. ಮತ್ತೊಂದರಲ್ಲಿ ₹1,500 ಕೋಟಿಯ ಒಪ್ಪಂದ. ಇಷ್ಟೆಲ್ಲ ಇದ್ದೂ ಮುಖ್ಯ ಶಿಕ್ಷಕರು ಕೈಯಿಂದ ದುಡ್ಡು ಹಾಕುತ್ತಿದ್ದಾರೆ ಎಂಬ ವರದಿ ಬೇರೆ. ಆರು ರೂಪಾಯಿ ಚಿಲ್ಲರೆಯಲ್ಲಿ ಆರು ರೂಪಾಯಿಯ ಮೊಟ್ಟೆಯೂ ಬಂದು ಅನ್ನ–ಸಾಂಬಾರೂ ಆಗುವುದು ಹೇಗೆ ಎಂದು ಓದಿದವರು ತಲೆ ಕೆರೆದುಕೊಳ್ಳುವುದು ಸಹಜ.

ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದು ಒಂದೊಂದು ಖಾತೆಯದು, ಅಷ್ಟೇ. ಅವನ್ನು ಬಿಡಿಸಿಟ್ಟು ನೋಡಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ನಾಲ್ಕೈದು ವರ್ಷದಿಂದ ನಾವು ವಾದ ಮಾಡುತ್ತಿರುವುದು ಮೊಟ್ಟೆಯ ಬಗ್ಗೆ. ಯಾರ ಗಮನಕ್ಕೂ ಬಾರದೆ ತಟ್ಟೆಯಿಂದ ಕರಗುತ್ತಿರುವುದು ತರಕಾರಿ.

ಯಾವ ದುಡ್ಡು ಯಾತಕ್ಕೆ?

ಅಕ್ಕಿ ಮತ್ತು ಗೋಧಿ ಕೇಂದ್ರದಿಂದ ಉಚಿತ. ಭಾರತ ಆಹಾರ ನಿಗಮದ ಗೋದಾಮಿನಿಂದ ಬರುವ ಈ ಧಾನ್ಯಕ್ಕೆ ಶಾಲೆ ಹಣ ಕೊಡಬೇಕಿಲ್ಲ. ಹಾಗಾಗಿ ₹6.78ರಲ್ಲಿ ಅಕ್ಕಿಯ ಬೆಲೆ ಸೇರಿಲ್ಲ.

₹6.78 ಎನ್ನುವುದು ಸಾಮಗ್ರಿ ವೆಚ್ಚ. ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಇಂಧನ ಈ ಐದೂ ಅದರೊಳಗೇ ಆಗಬೇಕು. ಇದು 1ರಿಂದ 5ನೇ ತರಗತಿಯ ಮಗುವಿನ ದಿನದ ದರ. 6ರಿಂದ 8ಕ್ಕೆ ₹10.17. ಎರಡೂ 2025ರ ಮೇ 1ರಿಂದ ಜಾರಿಗೆ ಬಂದವು. ಕೇಂದ್ರದ ಪಾಲು 60, ರಾಜ್ಯದ್ದು 40. ಕೇಂದ್ರದ ಯೋಜನೆ 8ನೇ ತರಗತಿಗೆ ನಿಲ್ಲುತ್ತದೆ. 9 ಮತ್ತು 10ರ ಮಕ್ಕಳ ಊಟದ ಖರ್ಚು ಪೂರ್ತಿ ಕರ್ನಾಟಕ ಸರ್ಕಾರದ್ದು.

ಮೊಟ್ಟೆಯ ಖಾತೆ ಬೇರೆ. ವಾರಕ್ಕೆ ಎರಡು ಮೊಟ್ಟೆ ರಾಜ್ಯ ಸರ್ಕಾರದ ಹಣದಿಂದ, ಉಳಿದ ನಾಲ್ಕು ಅಜೀಂ ಪ್ರೇಮ್‌ಜಿ ಫೌಂಡೇಷನ್ ಹಣದಿಂದ. 2024ರಲ್ಲಿ ಆದ ಒಪ್ಪಂದದ ಮೊತ್ತವೇ ಆ ₹1,500 ಕೋಟಿ. ಅವಧಿ ಮೂರು ವರ್ಷ. ಲೆಕ್ಕ ಹೊಂದುತ್ತದೆಯೇ ನೋಡಬಹುದು: ಸುಮಾರು 55 ಲಕ್ಷ ಮಕ್ಕಳು, ವಾರಕ್ಕೆ 4, ಒಂದಕ್ಕೆ ₹6, ವರ್ಷಕ್ಕೆ 38 ವಾರ. ಗುಣಿಸಿದರೆ ವರ್ಷಕ್ಕೆ ₹500 ಕೋಟಿ ಸಿಗುತ್ತದೆ.

ಹಾಲಿನದು ಮೂರನೆಯ ಖಾತೆ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲು ಮಾಡಿಕೊಡುತ್ತಾರೆ. 2024ರ ಫೆಬ್ರುವರಿಯಿಂದ ವಾರದಲ್ಲಿ ಮೂರು ದಿನ ಇದರ ಜೊತೆ ರಾಗಿ ಮಾಲ್ಟ್ ಸೇರಿತು.

ಅಡುಗೆಯವರ ಗೌರವಧನ ಇವು ಯಾವುದರಲ್ಲೂ ಇಲ್ಲ. ಕೇಂದ್ರ ನಿಗದಿ ಮಾಡಿದ್ದು ತಿಂಗಳಿಗೆ ₹1,000, ಅದೂ ವರ್ಷಕ್ಕೆ ಹತ್ತು ತಿಂಗಳು. 2009ರಲ್ಲಿ ಇಟ್ಟ ಈ ಮೊತ್ತ ಇಂದಿಗೂ ಅಲುಗಾಡಿಲ್ಲ. ರಾಜ್ಯ ತನ್ನ ಪಾಲು ಹೆಚ್ಚಿಸುತ್ತ ಬಂದಿರುವುದರಿಂದ ಕೈಗೆ ಒಂದಿಷ್ಟು ಹೆಚ್ಚು ಬರುತ್ತದೆ.

ತಟ್ಟೆಗೆ ಬೀಳಬೇಕಾದ್ದು ಎಷ್ಟು?

ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಹೇಳಿದಾಗ ಇಟ್ಟ ಕನಿಷ್ಠ ಅಳತೆ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೊಟೀನ್. ಮುಂದಿನ ವರ್ಷ ಕರ್ನಾಟಕದ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹ ಮೊದಲು ಉತ್ತರದ ಏಳು ಜಿಲ್ಲೆಗಳಲ್ಲಿ ಒಲೆ ಹಚ್ಚಿತು. 2013ರ ಆಹಾರ ಭದ್ರತಾ ಕಾಯ್ದೆ ಆ ಅಳತೆಯನ್ನು 5ನೇ ತರಗತಿವರೆಗೆ 450 ಕ್ಯಾಲೊರಿ–12 ಗ್ರಾಂ ಪ್ರೊಟೀನ್, 8ನೇ ತರಗತಿವರೆಗೆ 700 ಕ್ಯಾಲೊರಿ–20 ಗ್ರಾಂ ಪ್ರೊಟೀನ್ ಎಂದು ಬರೆದಿಟ್ಟಿತು.

ಇದನ್ನು ಮುಟ್ಟಲು ಗೊತ್ತುಮಾಡಿದ ಪ್ರಮಾಣ, ಕಿರಿಯ ಮಗುವಿಗೆ: ಅಕ್ಕಿ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5. ಹಿರಿಯ ಮಗುವಿಗೆ ಇದರ ಒಂದೂವರೆ ಪಟ್ಟು. ಎಲ್ಲವೂ ಹಸಿ ತೂಕ. ಕಿರಿಯ ಮಗುವಿನ ತಟ್ಟೆಯನ್ನು ಕೂಡಿಸಿ ನೋಡೋಣ. ಅಕ್ಕಿಯಿಂದ ಸುಮಾರು 355 ಕ್ಯಾಲೊರಿ ಮತ್ತು 8 ಗ್ರಾಂಗೆ ತುಸು ಕಡಿಮೆ ಪ್ರೊಟೀನ್. ತೊಗರಿಬೇಳೆಯಿಂದ 66 ಕ್ಯಾಲೊರಿ, 4.3 ಗ್ರಾಂ ಪ್ರೊಟೀನ್. ಎಣ್ಣೆಯಿಂದ 45 ಕ್ಯಾಲೊರಿ. ತರಕಾರಿಯಿಂದ 15 ಕ್ಯಾಲೊರಿ, ಪ್ರೊಟೀನ್ ಒಂದು ಗ್ರಾಂ ಇದ್ದರೆ ಹೆಚ್ಚು. ಒಟ್ಟು 480 ಕ್ಯಾಲೊರಿ, 13 ಗ್ರಾಂ ಪ್ರೊಟೀನ್. ಕಾಯ್ದೆಯ ಗೆರೆ ದಾಟಿತು.

ಈಗ ತರಕಾರಿಯನ್ನು ಪೂರ್ತಿ ತೆಗೆದುಹಾಕಿ. 465 ಕ್ಯಾಲೊರಿ, 12 ಗ್ರಾಂ ಪ್ರೊಟೀನ್. ಗೆರೆ ಆಗಲೂ ದಾಟುತ್ತದೆ!

ಕಥೆಯ ಗಂಟು ಇರುವುದು ಇಲ್ಲಿ. ತರಕಾರಿ ತರುವುದು ವಿಟಮಿನ್ ಎ, ವಿಟಮಿನ್ ಸಿ, ಫೋಲೇಟ್, ಸೊಪ್ಪಾದರೆ ಕಬ್ಬಿಣ–ಕ್ಯಾಲ್ಸಿಯಂ, ಜೊತೆಗೆ ನಾರು. ಇವು ಯಾವುವೂ ಕ್ಯಾಲೊರಿ–ಪ್ರೊಟೀನ್ ಎಂಬ ಎರಡು ಕಾಲಮ್ಮಿನಲ್ಲಿ ಕಾಣುವುದಿಲ್ಲ. ಬೇಳೆ ಕಡಿಮೆಯಾದರೆ ಸಾಂಬಾರು ನೀರಾಗಿ ಮಕ್ಕಳೇ ಹೇಳುತ್ತಾರೆ. ಅನ್ನ ಕಡಿಮೆಯಾದರೆ ಗಲಾಟೆಯೇ ಆಗುತ್ತದೆ. ಮೊಟ್ಟೆಯನ್ನಂತೂ ಎಣಿಸಬಹುದು. ಸಾಂಬಾರಿನಲ್ಲಿ 50 ಗ್ರಾಂ ತರಕಾರಿ ಇತ್ತೋ 25 ಇತ್ತೋ ಎಂದು ತಟ್ಟೆ ನೋಡಿ ಹೇಳಬಲ್ಲವರು ಯಾರು?

ಮಗುವಿನ ದಿನದ ಅಗತ್ಯದ ಪಕ್ಕ ಇಟ್ಟರೆ ಇದರ ತೂಕ ತಿಳಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕ್ಯಾಲೊರಿ, 23 ಗ್ರಾಂ ಪ್ರೊಟೀನ್, 15 ಮಿ.ಗ್ರಾಂ ಕಬ್ಬಿಣ, 650 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಬಿಸಿಯೂಟ ಕ್ಯಾಲೊರಿಯಲ್ಲಿ ಕಾಲು ಭಾಗ, ಪ್ರೊಟೀನ್‌ನಲ್ಲಿ ಅರ್ಧದಷ್ಟು ಕೊಡುತ್ತದೆ. ಅದರ ಮೇಲೆ ಮೊಟ್ಟೆಯ ಆರು ಗ್ರಾಂ, ಹಾಲಿನ ನಾಲ್ಕೂವರೆ ಗ್ರಾಂ ಸೇರಿದರೆ ದಿನದ ಪ್ರೊಟೀನ್ ಶಾಲೆಯಲ್ಲೇ ಬಹುಪಾಲು ಮುಗಿಯುತ್ತದೆ. ಕಬ್ಬಿಣದಲ್ಲಿ ಆ ನೆಮ್ಮದಿ ಇಲ್ಲ. 10–12 ವರ್ಷದ ಹುಡುಗಿಯರಿಗಂತೂ ದಿನಕ್ಕೆ 28 ಮಿ.ಗ್ರಾಂ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ 65.5% ಮಕ್ಕಳಲ್ಲಿ ರಕ್ತಹೀನತೆ ಕಂಡಿತ್ತು. ಆ ಮಕ್ಕಳೇ ಈಗ ಪ್ರಾಥಮಿಕ ಶಾಲೆಯ ಬೆಂಚಿನಲ್ಲಿ ಕೂತಿದ್ದಾರೆ.

ತರಕಾರಿಯೇ ಮೊದಲು ಕರಗುವುದೇಕೆ?

ನೂರು ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ದಿನದ ಮೊತ್ತ ₹678. ಬೇಳೆ 2 ಕೆ.ಜಿ., ಕೆ.ಜಿ.ಗೆ ₹130 ಎಂದರೆ ₹260. ತರಕಾರಿ 5 ಕೆ.ಜಿ., ಸರಾಸರಿ ₹40ರಂತೆ ₹200. ಎಣ್ಣೆ ಅರ್ಧ ಕೆ.ಜಿ., ₹70. ಹುಣಸೆ, ಸಾಂಬಾರು ಪುಡಿ, ಉಪ್ಪು, ಒಗ್ಗರಣೆಗೆ ₹50. ಗ್ಯಾಸ್ ಒಂದೂವರೆ ಕೆ.ಜಿ., ₹90. ಒಟ್ಟು ₹670. ಉಳಿದದ್ದು ಎಂಟು ರೂಪಾಯಿ. ಮಾರುಕಟ್ಟೆ ಹದವಾಗಿದ್ದ ದಿನದ ಲೆಕ್ಕ ಇದು.

ತರಕಾರಿ ಕೆ.ಜಿ.ಗೆ ₹60 ಆಯಿತು ಎನ್ನಿ. 5 ಕೆ.ಜಿ.ಗೆ ₹300 ಬೇಕು, ಕೈಯಲ್ಲಿರುವುದು ₹208. ಬೇಳೆ, ಎಣ್ಣೆಯನ್ನು ಸರ್ಕಾರವೇ ವಸ್ತುರೂಪದಲ್ಲಿ ಪೂರೈಸುವ ಕಡೆ ಅವುಗಳ ಬೆಲೆ ಏರಿಕೆ ಶಾಲೆಗೆ ತಟ್ಟುವುದಿಲ್ಲ. ಅಲ್ಲಿ ಶಾಲೆ ನಗದು ಕೊಟ್ಟು ತರುವುದು ತರಕಾರಿ, ಗ್ಯಾಸ್, ಒಗ್ಗರಣೆಯ ಸಾಮಾನು. ಗ್ಯಾಸ್ ಕಡಿಮೆ ಉರಿಸಿದರೆ ಅನ್ನ ಬೇಯದು. ಹಾಗಾಗಿ 5 ಕೆ.ಜಿ. ತರಕಾರಿ 3 ಕೆ.ಜಿ. ಆಗುತ್ತದೆ: ₹180, ಲೆಕ್ಕ ಸರಿಹೋಯಿತು. ಯಾರೂ ಕದ್ದಿಲ್ಲ, ಯಾರೂ ಸುಳ್ಳು ಬರೆದಿಲ್ಲ. ಮಗುವಿನ 50 ಗ್ರಾಂ 30 ಗ್ರಾಂ ಆಯಿತು.

ಇದು ಹೆಚ್ಚಾಗಿ ಆಗುವುದು ಜೂನ್–ಜುಲೈನಲ್ಲಿ, ಅಂದರೆ ಶಾಲೆ ತೆರೆದ ಹೊಸತರಲ್ಲೇ. ಮೇ ತಿಂಗಳ ಬಿಸಿಲಿಗೆ ಟೊಮೆಟೊ ಹೂವು ಉದುರುತ್ತದೆ, ಮುಂಗಾರಿನ ಮಳೆಗೆ ಇದ್ದ ಕಾಯಿಯೂ ಕೊಳೆಯುತ್ತದೆ, ಮಾರುಕಟ್ಟೆಗೆ ಬರುವ ಮಾಲು ಕುಸಿಯುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ ₹100 ದಾಟಿದ್ದು ನೆನಪಿರಬಹುದು. ಆಗ ಕಿರಿಯ ಮಗುವಿನ ದರ ₹5.45. 2022ರ ಅಕ್ಟೋಬರ್‌ನಲ್ಲಿ ನಿಗದಿಯಾದ ಆ ದರ 2024ರ ಡಿಸೆಂಬರ್ 1ರವರೆಗೆ, ಎರಡು ವರ್ಷಕ್ಕೂ ಹೆಚ್ಚು ಕಾಲ, ಹಾಗೇ ಇತ್ತು. ಆ ಬಳಿಕ ₹6.19, ಐದು ತಿಂಗಳಿಗೆ ₹6.78. ಏರಿಸುವುದು ಗ್ರಾಮೀಣ ಕೂಲಿಕಾರರ ಗ್ರಾಹಕ ಬೆಲೆ ಸೂಚ್ಯಂಕ ನೋಡಿ. ಸೂಚ್ಯಂಕ ಕಳೆದ ಕಾಲದ ಬೆಲೆ ಹೇಳುತ್ತದೆ, ಶಾಲೆ ಇವತ್ತಿನ ಸಂತೆಗೆ ಹೋಗಬೇಕು.

ದುಡ್ಡಿನಷ್ಟೇ ಮುಖ್ಯವಾದ ಇನ್ನೊಂದು ಕಾರಣ ಕೈಗಳ ಕೊರತೆ. ನಿಯಮದಂತೆ 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಒಬ್ಬರು ಅಡುಗೆಯವರು. ನೂರು ಮಕ್ಕಳ ಶಾಲೆಯ ಇಬ್ಬರು ಬೆಳಿಗ್ಗೆ ಹಾಲು ಕಾಸಿ ಹಂಚಿ, ಲೋಟ ತೊಳೆದು, ಹತ್ತು ಕೆ.ಜಿ. ಅಕ್ಕಿ ಬೇಯಿಸಿ, (ನೂರರಲ್ಲಿ ಎಂಬತ್ತು ಮಕ್ಕಳು ತಿನ್ನುತ್ತಾರೆ ಎನ್ನಿ) ಎಂಬತ್ತು ಮೊಟ್ಟೆ ಸುಲಿದು, ಸಾಂಬಾರು ಮಾಡಿ, ಬಡಿಸಿ, ಪಾತ್ರೆ ತಿಕ್ಕಬೇಕು. ಐದು ಕೆ.ಜಿ. ಹರಿವೆ ಸೊಪ್ಪು ಬಿಡಿಸಿ ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆಯುವುದಕ್ಕೆ ಎಷ್ಟು ಹೊತ್ತು ಬೇಕೆಂದು ಮನೆಯಲ್ಲಿ ಸೊಪ್ಪು ಬಿಡಿಸುವವರಿಗೆ ಗೊತ್ತು. ಆದ್ದರಿಂದ ಆಲೂಗಡ್ಡೆ, ಸೌತೆ, ಎಲೆಕೋಸು ಗೆಲ್ಲುತ್ತವೆ. ಈರುಳ್ಳಿ–ಟೊಮೆಟೊವನ್ನೂ ಆ ಐದು ಕೆ.ಜಿ.ಯಲ್ಲೇ ಸೇರಿಸಿಬಿಟ್ಟರೆ ಹಸಿರು, ಕೇಸರಿ ಬಣ್ಣದ ತರಕಾರಿಗೆ ಜಾಗವೇ ಉಳಿಯದು.

ಹನ್ನೆರಡು ಮಕ್ಕಳ ಶಾಲೆಯ ಕಷ್ಟ ಬೇರೆ

ತಲೆಗಿಷ್ಟು ಎಂಬ ದರ ದೊಡ್ಡ ಶಾಲೆಗೆ ಹೊಂದುತ್ತದೆ. ಮಲೆನಾಡಿನಲ್ಲಿ, ತೋಟದ ಲೈನುಗಳ ಪಕ್ಕದಲ್ಲಿ, ತಾಂಡಾಗಳಲ್ಲಿ ಹತ್ತು–ಹನ್ನೆರಡು ಮಕ್ಕಳ ಶಾಲೆಗಳಿವೆ. ಹನ್ನೆರಡು ಮಕ್ಕಳಿಗೆ ದಿನಕ್ಕೆ ₹81.36. ಮೇಲಿನ ಬೆಲೆಗಳಲ್ಲೇ ಬೇಳೆ, ತರಕಾರಿ, ಎಣ್ಣೆಗೆ ₹63.60 ಹೋದರೆ ಗ್ಯಾಸು–ಮಸಾಲೆಗೆ ಉಳಿಯುವುದು ₹17.76. ಒಂದು ಒಲೆ ಗಂಟೆಗಟ್ಟಲೆ ಉರಿಯಲೇಬೇಕು; ಮಕ್ಕಳು ಹನ್ನೆರಡಾದರೂ ಅಷ್ಟೆ, ಮೂವತ್ತಾದರೂ ಹೆಚ್ಚುಕಡಿಮೆ ಅಷ್ಟೆ. ಅರ್ಧ ಕೆ.ಜಿ. ಗ್ಯಾಸಿಗೇ ₹30. ಮಸಾಲೆಗೆ ಕೈ ಹಾಕುವ ಮೊದಲೇ ಲೆಕ್ಕ ತಪ್ಪಿತು. ಸಂತೆಗೆ ಹೋಗಿಬರುವ ಬಸ್ ಚಾರ್ಜನ್ನು ಯಾವ ಖಾತೆಗೂ ಬರೆಯುವಂತಿಲ್ಲ. ತಲೆಗಿಷ್ಟು ಎಂಬ ದರದ ಜೊತೆಗೆ ಶಾಲೆಗಿಷ್ಟು ಎಂಬ ಸಣ್ಣ ಮೂಲಮೊತ್ತ ಸೇರದಿದ್ದರೆ ಇಂಥ ಶಾಲೆಯಲ್ಲಿ ಮುಖ್ಯ ಶಿಕ್ಷಕರ ಜೇಬು ಖಾಲಿಯಾಗುವುದು ತಪ್ಪದು.

ಇಂಥ ಕಡೆ ನಿಜಕ್ಕೂ ನೆರವಾಗುವುದು ಶಾಲೆಯ ಕೈತೋಟ. ಎರಡು ನುಗ್ಗೆ ಮರ, ಒಂದು ಕರಿಬೇವು, ನಾಲ್ಕು ಪಪ್ಪಾಯಿ, ಬೇಲಿ ಮೇಲೆ ಬಸಳೆ. ಹನ್ನೆರಡು ಮಕ್ಕಳಿಗೆ ತಲಾ 20 ಗ್ರಾಂ ನುಗ್ಗೆಸೊಪ್ಪು ಎಂದರೆ 240 ಗ್ರಾಂ. ಎರಡು ಮರ ಸರದಿಯಲ್ಲಿ ವಾರಕ್ಕೊಮ್ಮೆ ಅಷ್ಟು ಕೊಡುತ್ತವೆ. ನೂರಾರು ಮಕ್ಕಳ ಶಾಲೆಗೆ ಕೈತೋಟ ಪಾಠವಾಗಬಹುದು, ಪೂರೈಕೆಯಾಗದು.

ಮೊಟ್ಟೆ: ವಾದ ಮತ್ತು ಲೆಕ್ಕ

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಒಂದೇ ಪಂಕ್ತಿಯಲ್ಲಿ ಕೂತ ಸಸ್ಯಾಹಾರಿ ಮಕ್ಕಳಿಗೆ ಮುಜುಗರವಾಗುತ್ತದೆ, ಕೊಡುವುದಾದರೆ ಮನೆಗೆ ಕೊಡಿ ಎಂಬುದು ಅವರ ವಾದ. ಮೊಟ್ಟೆ ಪರ ಇದ್ದವರ ಉತ್ತರ: ತಿನ್ನುವ ಮನೆಯ ಮಕ್ಕಳೇ ಬಹುಸಂಖ್ಯೆಯಲ್ಲಿದ್ದಾರೆ, ಮನೆಗೆ ಕೊಟ್ಟದ್ದು ಮಗುವಿಗೇ ಸಿಗುತ್ತದೆಂಬ ಖಾತ್ರಿಯಿಲ್ಲ, ಬೇಡದವರಿಗೆ ಬಾಳೆಹಣ್ಣು ಇದ್ದೇ ಇದೆ. 2025ರಲ್ಲಿ ಮಂಡ್ಯ ಜಿಲ್ಲೆಯ ಆಲಕೆರೆಯಲ್ಲಿ ಇದೇ ವಿಚಾರಕ್ಕೆ ಪೋಷಕರು ಮಕ್ಕಳನ್ನು ಶಾಲೆ ಬಿಡಿಸುವವರೆಗೂ ಹೋಯಿತು. ಪಂಕ್ತಿಭೇದ ಎಂಬ ಮಾತಿಗೆ ನಮ್ಮಲ್ಲಿ ಹಳೆಯ ಗಾಯವಿದೆ. ಎರಡೂ ಕಡೆಯವರು ಅದನ್ನೇ ಎತ್ತಿಕೊಳ್ಳುವುದು ವಿಚಿತ್ರ.

ಪೌಷ್ಟಿಕತೆಯ ಮಟ್ಟಿಗೆ ವಾದಕ್ಕೆ ಜಾಗ ಕಡಿಮೆ. ಐವತ್ತು ಗ್ರಾಂ ತೂಗುವ ಮೊಟ್ಟೆಯಲ್ಲಿ ಆರು ಗ್ರಾಂಗೂ ಮಿಗಿಲಾದ ಉತ್ತಮ ಪ್ರೊಟೀನ್, ಜೊತೆಗೆ ವಿಟಮಿನ್ ಎ ಮತ್ತು ಬಿ12 ಇವೆ. ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು ಆಗ ಮೊಟ್ಟೆ ಸಿಗದಿದ್ದ ಗದಗದ ಮಕ್ಕಳೊಂದಿಗೆ ಹೋಲಿಸಿ 2022ರಲ್ಲಿ ನಡೆದ ಅಧ್ಯಯನದಲ್ಲಿ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಸಮಸ್ಯೆ ಇರುವುದು ಬದಲಿಯಲ್ಲಿ. ಬಾಳೆಹಣ್ಣಿನಲ್ಲಿ ಪ್ರೊಟೀನ್ ಒಂದು ಗ್ರಾಂ ಮಾತ್ರ. ಒಂದಿಷ್ಟು ಸಮವಾಗಿದ್ದ ಕಡಲೆಕಾಯಿ ಚಿಕ್ಕಿಯನ್ನು ಸಕ್ಕರೆ ಮತ್ತು ಕೊಬ್ಬಿನ ಕಾರಣಕ್ಕೆ 2025ರಲ್ಲಿ ನಿಲ್ಲಿಸಲಾಯಿತು. ಹೀಗಾಗಿ ಮೊಟ್ಟೆ ತಿನ್ನದ ಮಗುವಿಗೆ ಅಷ್ಟೇ ಬೆಲೆಯ, ಆದರೆ ಆರರಲ್ಲಿ ಒಂದು ಪಾಲಿನಷ್ಟೇ ಪ್ರೊಟೀನ್ ಇರುವ ಪದಾರ್ಥ ಸಿಗುತ್ತಿದೆ. ಇಪ್ಪತ್ತೈದು ಗ್ರಾಂ ಹೆಸರುಕಾಳನ್ನು ರಾತ್ರಿ ನೆನೆಹಾಕಿ ಬೇಯಿಸಿ ಉಸಲಿ ಮಾಡಿದರೆ ಆರು ಗ್ರಾಂ ಪ್ರೊಟೀನ್ ಸಿಗುತ್ತದೆ, ಕೆ.ಜಿ.ಗೆ ₹120 ಹಿಡಿದರೂ ಖರ್ಚು ಮೂರು ರೂಪಾಯಿ. ಬಿ12 ಇರದು, ಅದನ್ನು ಹಾಲು ಸ್ವಲ್ಪ ತುಂಬುತ್ತದೆ. ಸಸ್ಯಾಹಾರದ ಪರ ಹೋರಾಡುವವರು ಮೊಟ್ಟೆ ನಿಲ್ಲಿಸಿ ಎನ್ನುವ ಬದಲು ಉಸಲಿ ಕೊಡಿ ಎಂದಿದ್ದರೆ ಅವರದೇ ಮಕ್ಕಳಿಗೆ ಹೆಚ್ಚು ದಕ್ಕುತ್ತಿತ್ತು.

ಇನ್ನು ದುಡ್ಡು. ಆ ₹6ರಲ್ಲಿ ಮೊಟ್ಟೆ ಕೊಂಡು ಸಾಗಿಸಲು ₹5.20, ಬೇಯಿಸುವ ಇಂಧನಕ್ಕೆ 50 ಪೈಸೆ, ಸುಲಿಯುವ ಕೂಲಿ 30 ಪೈಸೆ. ಎಂಬತ್ತು ಮೊಟ್ಟೆ ಸುಲಿದರೆ ಇಬ್ಬರು ಅಡುಗೆಯವರಿಗೆ ತಲಾ ₹12. ಮೊಟ್ಟೆ ಬೆಲೆ ಬೇಸಿಗೆಯಲ್ಲಿ ಇಳಿದು ಚಳಿಗಾಲದಲ್ಲಿ ಏರುತ್ತದೆ, ಉತ್ತರ ಭಾರತದಲ್ಲಿ ಬೇಡಿಕೆ ಹೆಚ್ಚುವುದೇ ಆಗ. 2025ರ ಡಿಸೆಂಬರ್‌ನಲ್ಲಿ ಚಿಲ್ಲರೆ ದರ ₹7 ದಾಟಿತ್ತು. ಒಂದಕ್ಕೆ ₹1.80 ಕೊರತೆ, ಎಂಬತ್ತು ಮಕ್ಕಳು, ಆರು ದಿನ: ವಾರಕ್ಕೆ ₹864. ಮೂವತ್ತರ ಟ್ರೇನಲ್ಲಿ ಒಡೆದು ಬರುವ ಒಂದೆರಡು ಇದಕ್ಕೆ ಸೇರಿಲ್ಲ. ಗಮನಿಸಿ: ತರಕಾರಿ ದುಬಾರಿಯಾಗುವುದು ಮಳೆಗಾಲದ ಶುರುವಿನಲ್ಲಿ, ಮೊಟ್ಟೆ ದುಬಾರಿಯಾಗುವುದು ಚಳಿಯಲ್ಲಿ, ದರ ಮಾತ್ರ ವರ್ಷಪೂರ್ತಿ ಒಂದೇ. ಋತುವಿಗೆ ತಕ್ಕಂತೆ ದರ ಬದಲಿಸುವುದು ಆಡಳಿತಕ್ಕೆ ತಲೆನೋವು, ನಿಜ. ಈಗ ಆ ತಲೆನೋವನ್ನು ಹೊರುತ್ತಿರುವವರು ಮುಖ್ಯ ಶಿಕ್ಷಕರು.

ಬೇಯಿಸುವಲ್ಲಿ ತಪ್ಪುವುದು ಎರಡು ಕಡೆ. ಕುದಿಯುವ ನೀರಿಗೆ ಒಮ್ಮೆಲೇ ಹಾಕಿದರೆ ಸಿಪ್ಪೆ ಬಿರಿಯುತ್ತದೆ. ತಣ್ಣೀರಿನಲ್ಲಿಟ್ಟು ಉರಿ ಹಚ್ಚಿ, ಕುದಿ ಬಂದ ಮೇಲೆ ಹತ್ತರಿಂದ ಹನ್ನೆರಡು ನಿಮಿಷ ಬೇಯಿಸಿ, ತಕ್ಷಣ ತಣ್ಣೀರಿಗೆ ಹಾಕಿದರೆ ಸುಲಭವಾಗಿ ಸುಲಿಯುತ್ತದೆ. ಎರಡನೆಯದು ಬೆಳಿಗ್ಗೆ ಹತ್ತಕ್ಕೇ ಸುಲಿದು ಒಂದೂವರೆಗೆ ಬಡಿಸುವುದು. ಸುಲಿದ ಮೊಟ್ಟೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು.

ನಲವತ್ತೆಂಟು ದಿನ ಮುಚ್ಚಿದ ಅಡುಗೆಮನೆ

ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ ಎಂದರೆ 48 ದಿನ ಊಟವಿಲ್ಲ. ಬರಪೀಡಿತ ಪ್ರದೇಶದಲ್ಲಿ ಬೇಸಿಗೆಯಲ್ಲೂ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾಗಿದ್ದ 2024ರ ಬೇಸಿಗೆಯಲ್ಲಿ ಕರ್ನಾಟಕ ಹಾಗೆ ಕೊಟ್ಟಿತ್ತು. ಬರವಿಲ್ಲದ ವರ್ಷ ಆ ಅವಕಾಶ ಇಲ್ಲ. ಕೂಲಿ ಅರಸಿ ಗುಳೆ ಹೋದ ಮನೆಯ ಮಗು ಜೂನ್‌ನಲ್ಲಿ ಮರಳುವಾಗ ಎಷ್ಟು ಇಳಿದಿದೆ ಎಂದು ತಿಳಿಯಬೇಕಾದರೆ ಮೊದಲ ವಾರವೇ ತೂಕ–ಎತ್ತರ ಬರೆದಿಡಬೇಕು. ಸೆಪ್ಟೆಂಬರ್‌ನಲ್ಲಿ ಬರೆದರೆ ರಜೆಯ ನಷ್ಟ ಲೆಕ್ಕಕ್ಕೇ ಸಿಗುವುದಿಲ್ಲ.

ಮಾರ್ಚ್‌ನಲ್ಲಿ ಬಂದು ಉಳಿದ ಅಕ್ಕಿಯನ್ನು ಜೂನ್‌ನಲ್ಲಿ ತೆಗೆದರೆ ನುಸಿ ಇರುತ್ತದೆ. ಬಿಸಿಲು ಬಂದ ದಿನ ನೆರಳಿನಂಚಿನಲ್ಲಿ ಹರಡಿ, ಜರಡಿ ಹಿಡಿದು ಬಳಸಬಹುದು. ಮುಗ್ಗಲು ವಾಸನೆ ಬಂದರೆ, ಗಂಟು ಕಟ್ಟಿದ್ದರೆ ಬಳಸಬಾರದು. ಚೀಲಗಳನ್ನು ಗೋಡೆಗೆ ತಾಗದಂತೆ ಹಲಗೆಯ ಮೇಲಿಡಬೇಕು, ಹಳೆಯದು ಮೊದಲು ಖರ್ಚಾಗಬೇಕು. ಹಾಲಿನ ಪುಡಿಯ ಪೊಟ್ಟಣದ ದಿನಾಂಕ ನೋಡಬೇಕು. ಸಿಂಟೆಕ್ಸ್ ತೊಟ್ಟಿಯನ್ನು ತಿಕ್ಕಿ ತೊಳೆದ ಮೇಲೆ ಸಾವಿರ ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಕದಡಿ, ಒಂದು ಗಂಟೆ ಬಿಟ್ಟು ಬಳಸಬೇಕು. ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಕೀಟನಾಶಕದ ಡಬ್ಬಿ ಅಡುಗೆಮನೆಯ ಹತ್ತಿರವೂ ಸುಳಿಯಬಾರದು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಬಡಿಸುವ ಮೊದಲು ಒಬ್ಬ ಶಿಕ್ಷಕರಾದರೂ ಸೇರಿ ದೊಡ್ಡವರು ರುಚಿ ನೋಡಬೇಕೆಂಬ ನಿಯಮ ಇರುವುದು ಇಂಥದಕ್ಕೇ.

ಜೂನ್‌ನಲ್ಲಿ ತಪ್ಪದೆ ಬರುವ ಇನ್ನೊಂದು ಗಾಳಿಸುದ್ದಿ ‘ಪ್ಲಾಸ್ಟಿಕ್ ಅಕ್ಕಿ’. ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಕಾಳಿನ ರೂಪಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಸೇರಿಸಿರುತ್ತಾರೆ. ಬಣ್ಣ ತುಸು ಬೇರೆ, ತೊಳೆಯುವಾಗ ಕೆಲವು ತೇಲುತ್ತವೆ. ಹುಳುಕೆಂದು ಅವನ್ನೇ ಆರಿಸಿ ಎಸೆದರೆ ತಟ್ಟೆಯ 3–4 ಮಿ.ಗ್ರಾಂ ಕಬ್ಬಿಣ ಚರಂಡಿಗೆ ಹೋಯಿತು. ಅಕ್ಕಿಯನ್ನು ಎರಡು ಸಲಕ್ಕಿಂತ ಹೆಚ್ಚು ತೊಳೆಯದೆ, ಗಂಜಿ ಬಸಿಯದೆ, ಇಂಗುವಷ್ಟೇ ನೀರಿಟ್ಟು ಬೇಯಿಸುವುದು ಸರಿ. ಬೇಳೆಗೆ ಸೋಡಾ ಹಾಕಬಾರದು, ಬಿ1 ಹಾಳಾಗುತ್ತದೆ. ಬಡಿಸುವಾಗ ಸೌಟು ಪ್ರತಿಸಲ ತಳದಿಂದ ಬರಬೇಕು. ಬೇಳೆ–ತರಕಾರಿ ತಳಕ್ಕಿಳಿದು ಮೊದಲ ಸಾಲಿನ ಒಂದನೇ ತರಗತಿಯವರಿಗೆ ತಿಳಿನೀರು, ಕೊನೆಯ ಸಾಲಿಗೆ ಗಟ್ಟಿ ಹೋಗುವುದು ದಿನನಿತ್ಯ ಆಗುವ ತಪ್ಪು.

ಹಾಲು ಬೆಳಿಗ್ಗೆ, ಮಾತ್ರೆ ಮಧ್ಯಾಹ್ನ

ಖಾಲಿ ಹೊಟ್ಟೆಯಲ್ಲಿ ಬರುವ ಮಗುವಿಗೆ ಬೆಳಗಿನ ಹಾಲು ತಿಂಡಿಗೆ ಬದಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬೆಳಗಿನ ಉಪಾಹಾರವನ್ನು ಶಿಫಾರಸು ಮಾಡಿತ್ತು. ಕೇಂದ್ರದಿಂದ ಹಣ ಬರಲಿಲ್ಲ, ತಮಿಳುನಾಡು 2022ರಲ್ಲಿ ತನ್ನದೇ ದುಡ್ಡಿನಲ್ಲಿ ಆರಂಭಿಸಿತು. ಹಾಲಿನ ಪುಡಿಯನ್ನು ಕುದಿನೀರಿಗೆ ಸುರಿದರೆ ಗಂಟಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ಸೋಸಿ, ಆಮೇಲೆ ಕಾಸಬೇಕು.

ವಾರಕ್ಕೊಂದು ಕಬ್ಬಿಣದ ಮಾತ್ರೆಯನ್ನು ಊಟವಾದ ಮೇಲೆ ಕೊಡುವುದು ನಿಯಮ. 5–9 ವರ್ಷದವರಿಗೆ 45 ಮಿ.ಗ್ರಾಂ ಕಬ್ಬಿಣದ ಗುಲಾಬಿ ಮಾತ್ರೆ, 10–19ರವರಿಗೆ 60 ಮಿ.ಗ್ರಾಂನ ನೀಲಿ ಮಾತ್ರೆ. ಖಾಲಿ ಹೊಟ್ಟೆಗೆ ಕೊಟ್ಟರೆ ಹೊಟ್ಟೆ ತೊಳಸಿ ಒಂದಿಬ್ಬರು ವಾಂತಿ ಮಾಡುತ್ತಾರೆ, ಸುದ್ದಿ ಹಬ್ಬಿ ಇಡೀ ಊರು ಮಾತ್ರೆ ನಿಲ್ಲಿಸುತ್ತದೆ. ಹಾಲಿನ ಜೊತೆ ಕೊಟ್ಟರೆ ಕಬ್ಬಿಣ ಮೈಗೆ ಹತ್ತದು. ಮಲ ಕಪ್ಪಗಾಗುವುದು ಸಹಜ ಎಂದು ತಾಯಂದಿರಿಗೆ ಮೊದಲೇ ಹೇಳಿಟ್ಟರೆ ಗಾಬರಿ ತಪ್ಪುತ್ತದೆ. ಅಂದಿನ ಸಾಂಬಾರು ಕೆಳಗಿಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಊಟದೊಳಗಿನ ಕಬ್ಬಿಣವೂ ಚೆನ್ನಾಗಿ ಹೀರಿಕೆಯಾಗುತ್ತದೆ. ಮನೆಗೆ ಹೋದ ಕೂಡಲೇ ಕುಡಿಯುವ ಟೀ ಇದಕ್ಕೆ ತದ್ವಿರುದ್ಧ.

ಮುಂದಿನ ಲೆಕ್ಕ

ಮೊಟ್ಟೆಯ ಒಪ್ಪಂದ 2024ರಿಂದ ಮೂರು ವರ್ಷದ್ದು. ಅದು ಮುಂದುವರಿಯದಿದ್ದರೆ ವಾರಕ್ಕೆ ಆರು ಮೊಟ್ಟೆ ಉಳಿಸಿಕೊಳ್ಳಲು ರಾಜ್ಯ ವರ್ಷಕ್ಕೆ ಹತ್ತಿರಹತ್ತಿರ ₹500 ಕೋಟಿ ಹೊಸದಾಗಿ ಹುಡುಕಬೇಕು, ಇಲ್ಲವೇ ಎರಡಕ್ಕೆ ಇಳಿಸಬೇಕು. ಇಳಿಸಿದರೆ ಅದು ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಚರ್ಚೆಯಾದರೂ ಆಗುತ್ತದೆ.

ತರಕಾರಿಗೆ ಆ ಭಾಗ್ಯವಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮಾಡಬಹುದಾದ್ದು ಒಂದಿದೆ: ಚೀಟಿಯಲ್ಲಿ ‘ತರಕಾರಿ ₹200’ ಎಂದಷ್ಟೇ ಇದ್ದರೆ ಒಪ್ಪದೆ ಕೆ.ಜಿ. ಬರೆಸುವುದು, ಅದನ್ನು ಅಂದಿನ ಹಾಜರಾತಿಯಿಂದ ಭಾಗಿಸುವುದು. 100 ಕಿರಿಯ ಮಕ್ಕಳಿಗೆ 5 ಕೆ.ಜಿ., 100 ಹಿರಿಯ ಮಕ್ಕಳಿಗೆ 7.5 ಕೆ.ಜಿ. ಈರುಳ್ಳಿ, ಟೊಮೆಟೊ, ಆಲೂಗಡ್ಡೆ ಬಿಟ್ಟು ಎಷ್ಟು ಉಳಿಯಿತು ಎಂದೂ ನೋಡಬಹುದು. ಕೊರತೆ ಕಂಡರೆ ಅಡುಗೆಯವರ ಮೇಲೆ ಹರಿಹಾಯುವುದರಿಂದ ಏನೂ ಆಗದು. ಆ ಅಂಕಿಯನ್ನು ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಬರಹದಲ್ಲಿ ಕಳಿಸಬೇಕು.

ಕೇಂದ್ರ ನಿಗದಿ ಮಾಡಿದ ದರದ ಮೇಲೆ ರಾಜ್ಯ ತನ್ನ ಪಾಲು ಸೇರಿಸಲು ಅಡ್ಡಿಯಿಲ್ಲ. ತರಕಾರಿಗೆಂದೇ ಮಗುವಿಗೆ ದಿನಕ್ಕೆ ₹1 ಸೇರಿಸಿದರೆ 55 ಲಕ್ಷ ಮಕ್ಕಳಿಗೆ, 220 ದಿನಕ್ಕೆ, ಆಗುವುದು ₹121 ಕೋಟಿ. ನಾಲ್ಕು ಮೊಟ್ಟೆಯ ಖರ್ಚಿನ ಕಾಲು ಭಾಗ. ತರಕಾರಿ ₹40ರಿಂದ ₹60ಕ್ಕೆ ಏರಿದ ದಿನ ನೂರು ಮಕ್ಕಳ ಶಾಲೆಗೆ ಬೀಳುವ ಕೊರತೆ ₹92. ಆ ಒಂದು ರೂಪಾಯಿಯಿಂದ ಬರುವುದು ₹100.